ಮಂಚದ ಪಕ್ಕದಲ್ಲಿ ಕುಳಿತವರಿಗೆ



ರೋಗಿಯ ಪಥ್ಯ, ಮಾತ್ರೆಗಳ ವೇಳೆ, ಗಾಯದ ಆರೈಕೆ ಇವುಗಳ ಬಗ್ಗೆ ಈ ಕಿರುಹೊತ್ತಿಗೆಯ ಬೇರೆ ಪುಟಗಳಲ್ಲಿ ಓದುತ್ತೀರಿ. ಈ ಪುಟಗಳು ಮಾತ್ರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಒಂದು ಕಣ್ಣು ಸಲೈನ್ ಬಾಟಲಿಯ ಮೇಲಿಟ್ಟು ಇದನ್ನು ಓದುತ್ತಿರುವ ನಿಮಗಾಗಿ. ನೀವು ಯಾವಾಗ ಮಲಗಿದಿರಿ, ಯಾವಾಗ ಉಂಡಿರಿ ಎಂಬುದು ನಮ್ಮ ಯಾವ ಕೇಸ್ ಪೇಪರಿನಲ್ಲಿಯೂ ಇರುವುದಿಲ್ಲ. ಆದರೆ ರೋಗಿ ಮನೆಗೆ ಹೋದ ಮೇಲೆ ಹೇಗಿರುತ್ತಾರೆ ಎಂಬುದು ಬಹುಪಾಲು ನೀವು ಹೇಗಿರುತ್ತೀರಿ ಎಂಬುದನ್ನೇ ಅವಲಂಬಿಸಿದೆ.

ವಾರ್ಡಿನಲ್ಲಿ ನಾವು ದಿನವೂ ನೋಡುವುದು ಹೀಗೆ. ಮೊದಲ ಮೂರು ದಿನ ಮಂಚದ ಸುತ್ತ ಹತ್ತು ಜನ. ಗೇಟಿನ ಹತ್ತಿರ ಪಾಸಿಗಾಗಿ ಜಗಳ. ಎರಡನೆಯ ವಾರಕ್ಕೆ ಇಬ್ಬರು ಉಳಿಯುತ್ತಾರೆ. ಡಿಸ್ಚಾರ್ಜ್ ಆಗುವ ಹೊತ್ತಿಗೆ ಒಬ್ಬರೇ. ಆ ಒಬ್ಬರು ಹೆಚ್ಚಾಗಿ ಸೊಸೆ, ಇಲ್ಲವೇ ಹೆಂಡತಿ, ಇಲ್ಲವೇ ಮದುವೆಯಾಗದ ಮಗಳು. ಅವರು ಮೊದಲ ಮೂರು ದಿನ ಹೇಗೆ ಊಟ ನಿದ್ರೆ ಬಿಟ್ಟು ಓಡಾಡಿದರೋ ಹಾಗೆಯೇ ಮುಂದಿನ ಮೂರು ತಿಂಗಳೂ ಓಡಲು ಹೋಗುತ್ತಾರೆ. ಅದು ಆಗುವುದಿಲ್ಲ. ನಲವತ್ತನೆಯ ದಿನದ ಹೊತ್ತಿಗೆ ರೋಗಿಯ ಬೆನ್ನಿನಲ್ಲಿ ಹುಣ್ಣು, ಆರೈಕೆ ಮಾಡುವವರ ಸೊಂಟದಲ್ಲಿ ನೋವು, ಮನೆಯಲ್ಲಿ ಮಾತುಕತೆ ಇಲ್ಲ. ಹೀಗಾಗಿ ಮತ್ತೆ ನಮ್ಮಲ್ಲಿಗೆ ಬರುವವರು ಬೇಜವಾಬ್ದಾರಿಯವರು ಎಂದು ಭಾವಿಸಬೇಡಿ. ಬಹಳ ಸಲ ಅವರೇ ಎಲ್ಲರಿಗಿಂತ ಪ್ರೀತಿಯಿಂದ ನೋಡಿಕೊಂಡವರಾಗಿರುತ್ತಾರೆ.

ದಾರಿ ಎಷ್ಟು ದೂರ ಎಂದು ಮೊದಲು ಕೇಳಿ

ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರು ಮೊದಲ ದಿನವೇ ಓಡುವುದಿಲ್ಲ. ದಾರಿ ಎಷ್ಟಿದೆ, ಎಲ್ಲಿ ತಂಗಬೇಕು ಎಂದು ತಿಳಿದುಕೊಂಡೇ ಹೆಜ್ಜೆ ಇಡುತ್ತಾರೆ. ಆರೈಕೆಗೂ ಅದೇ ಲೆಕ್ಕ. ವೈದ್ಯರು ರೌಂಡ್ಸಿಗೆ ಬಂದಾಗ "ಗುಣ ಆಗುತ್ತದೆಯೇ?" ಎಂದು ಎಲ್ಲರೂ ಕೇಳುತ್ತಾರೆ. "ಇವರಿಗೆ ಇನ್ನೊಬ್ಬರ ಕೈ ಎಷ್ಟು ದಿನ ಬೇಕಾಗುತ್ತದೆ?" ಎಂದು ಕೇಳುವವರು ಕಡಿಮೆ. ಇದನ್ನೂ ಕೇಳಿ.

ಪಾರ್ಶ್ವವಾಯು (ಲಕ್ವ) ಆದವರಲ್ಲಿ ಹೆಚ್ಚಿನ ಚೇತರಿಕೆ ಮೊದಲ 3 ರಿಂದ 6 ತಿಂಗಳಲ್ಲಿ ಕಾಣುತ್ತದೆ, ಆಮೇಲೂ ನಿಧಾನವಾಗಿ ಮುಂದುವರಿಯಬಹುದು. ಸಾಮಾನ್ಯ ಕ್ಷಯರೋಗಕ್ಕೆ ಔಷಧಿ 6 ತಿಂಗಳು. ಮೂತ್ರಪಿಂಡ ಪೂರ್ತಿ ಕೆಟ್ಟವರಿಗೆ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಸುಮಾರು 4 ತಾಸು ಡಯಾಲಿಸಿಸ್, ಅದೂ ಬೇರೆ ಮೂತ್ರಪಿಂಡ ಕಸಿ ಮಾಡುವವರೆಗೆ. ಮರೆವಿನ ಕಾಯಿಲೆಯಾದರೆ ವರ್ಷಗಟ್ಟಲೆ.

ಲಕ್ವ ಹೊಡೆದು ತಾವಾಗಿ ಹೊರಳಲಾರದ ಒಬ್ಬ ಹಿರಿಯರನ್ನು ಮನೆಗೆ ಕರೆದುಕೊಂಡು ಹೋದಿರಿ ಎಂದಿಟ್ಟುಕೊಳ್ಳಿ. 2 ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಅಂದರೆ ದಿನಕ್ಕೆ 12 ಸಲ. ಮೂಗಿನ ನಳಿಕೆಯಿಂದ ಆಹಾರ ದಿನಕ್ಕೆ 6 ಸಲ ಎಂದು ಹೇಳಿದ್ದರೆ ಅದೊಂದು ಲೆಕ್ಕ. ಜೊತೆಗೆ ಬಟ್ಟೆ, ಹಾಸಿಗೆ, ವ್ಯಾಯಾಮ, ಔಷಧಿ. ಮಗ್ಗಲು ಬದಲಿಸುವುದೊಂದೇ 90 ದಿನಕ್ಕೆ 1,080 ಸಲ ಆಗುತ್ತದೆ. ಹೆದರಿಸಲಿಕ್ಕೆ ಈ ಲೆಕ್ಕ ಹೇಳುತ್ತಿಲ್ಲ. ಇದು ಒಬ್ಬರ ಕೈಯ ಕೆಲಸವಲ್ಲ ಎಂಬುದು ಮೊದಲ ದಿನವೇ ಮನೆಯವರೆಲ್ಲರಿಗೂ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ನಮ್ಮ ಕಡೆಯ ಅನೇಕ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಿತ್ತನೆಯ ಹದ ತಪ್ಪುತ್ತಿದ್ದರೂ ಸರಿ, ಬಸವಣ್ಣನಿಗೆ ಅಂದು ಬಿಡುವು. ಉಳಿದ ದಿನವೂ ಬಿಸಿಲೇರಿದಾಗ ಕೊಳ್ಳು ಬಿಚ್ಚಿ ನೀರು ತೋರಿಸಿ ನೆರಳಿಗೆ ಕಟ್ಟುತ್ತಾರೆ. ಎತ್ತು ಬಿದ್ದರೆ ಆ ವರ್ಷದ ಒಕ್ಕಲುತನವೇ ಬಿದ್ದಂತೆ ಎಂದು ರೈತನಿಗೆ ಗೊತ್ತು. ಅದೇ ಮನೆಯಲ್ಲಿ ಅತ್ತೆಯ ಆರೈಕೆ ಮಾಡುವ ಹೆಣ್ಣುಮಗಳಿಗೆ ಸೋಮವಾರವೂ ಇಲ್ಲ, ಮಧ್ಯಾಹ್ನವೂ ಇಲ್ಲ.

ನಿದ್ರೆಗೆಟ್ಟ ಕೈಯಲ್ಲಿ ಔಷಧಿ

ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರು 1997ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಜನರನ್ನು ನಿದ್ರೆಯಿಲ್ಲದೆ ಎಚ್ಚರವಾಗಿರಿಸಿ ಕೈ ಕಣ್ಣುಗಳ ಹೊಂದಾಣಿಕೆ ಪರೀಕ್ಷಿಸಿದರು, ಮದ್ಯ ಕುಡಿಸಿಯೂ ಅದನ್ನೇ ಪರೀಕ್ಷಿಸಿದರು. ಎರಡನ್ನೂ ಹೋಲಿಸಿ ನೋಡಿದಾಗ ಸತತ 24 ತಾಸು ಎಚ್ಚರವಾಗಿದ್ದವರ ಕೈ, ರಕ್ತದ 100 ಮಿಲಿಲೀಟರಿನಲ್ಲಿ ಸುಮಾರು 100 ಮಿಲಿಗ್ರಾಂ ಮದ್ಯ ಇರುವವರ ಕೈಯಷ್ಟೇ ತಪ್ಪುತ್ತಿತ್ತು. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ ಪ್ರಕಾರ 30 ಮಿಲಿಗ್ರಾಂ ದಾಟಿದರೇ ವಾಹನ ಓಡಿಸುವುದು ಅಪರಾಧ. ಒಂದು ಹನಿಯನ್ನೂ ಮುಟ್ಟದವರು ಕೂಡ ಒಂದು ಹಗಲು ಒಂದು ರಾತ್ರಿ ಕಣ್ಣು ಮುಚ್ಚದಿದ್ದರೆ ಆ ಮಿತಿಯ ಮೂರು ಪಟ್ಟು ಮೀರಿದವರಂತೆ ಆಗುತ್ತಾರೆ ಎಂದಾಯಿತು.

ಅಂಥ ಸ್ಥಿತಿಯಲ್ಲಿಯೇ ನಾವು ಇನ್ಸುಲಿನ್ ಅಳೆಯುತ್ತೇವೆ. 40ರ ಸೀಸೆಗೆ ಕೆಂಪು ಮುಚ್ಚಳದ 40ರ ಸಿರಿಂಜ್, 100ರ ಸೀಸೆಗೆ ಕಿತ್ತಳೆ ಮುಚ್ಚಳದ 100ರ ಸಿರಿಂಜ್ ಎಂದು ಹಗಲಿನಲ್ಲಿ ಹತ್ತು ಸಲ ಹೇಳಿಕೊಟ್ಟಿದ್ದರೂ ನಸುಕಿನ ಐದು ಗಂಟೆಗೆ ನಿದ್ರೆಗಣ್ಣಿನಲ್ಲಿ ಅದು ಅದಲು ಬದಲಾಗುತ್ತದೆ. ಬೆಳಗಿನ ಮಾತ್ರೆ ಕೊಟ್ಟೆವೋ ಇಲ್ಲವೋ ಎಂಬುದು ನೆನಪಾಗದೆ ಇನ್ನೊಮ್ಮೆ ಕೊಡುತ್ತೇವೆ. ರಾತ್ರಿಯೆಲ್ಲ ಕುಳಿತಿದ್ದು ಬೆಳಗಾದ ಕೂಡಲೇ ಮೋಟಾರ್ ಸೈಕಲ್ ಹತ್ತಿ ಊರಿಗೆ ಹೊರಡುವ ಗಂಡುಮಕ್ಕಳಿಗೆ ಕೈ ಮುಗಿದು ಹೇಳುತ್ತೇನೆ, ಬಸ್ಸಿಗೆ ಹೋಗಿ. ಇಲ್ಲವೇ ಎರಡು ತಾಸು ಮಲಗಿ ಆಮೇಲೆ ಹೊರಡಿ.

ಒಬ್ಬರೇ ರಾತ್ರಿಯಿಡೀ ಆರು ಸಲ ಎದ್ದು ಮಲಗಿದರೆ ಗಡಿಯಾರದಲ್ಲಿ ಎಂಟು ತಾಸು ಆಗಿರಬಹುದು, ನಿದ್ರೆ ಆಗಿರುವುದಿಲ್ಲ. ಆದ್ದರಿಂದ ರಾತ್ರಿಯನ್ನು ಎರಡು ಹೋಳು ಮಾಡಿ. ಒಂಬತ್ತರಿಂದ ಎರಡರವರೆಗೆ ಒಬ್ಬರು ನೋಡಿಕೊಳ್ಳಲಿ, ಎರಡರಿಂದ ಏಳರವರೆಗೆ ಮತ್ತೊಬ್ಬರು. ಇಬ್ಬರಿಗೂ ಐದೈದು ತಾಸು ಅಖಂಡ ನಿದ್ರೆ ಸಿಗುತ್ತದೆ. ಮಲಗುವವರು ಬೇರೆ ಕೋಣೆಯಲ್ಲಿ ಮಲಗಬೇಕು. ಅದೇ ಕೋಣೆಯಲ್ಲಿ ಮಲಗಿದರೆ ಪ್ರತಿ ಕೆಮ್ಮಿಗೂ ಎಚ್ಚರವಾಗುತ್ತದೆ. ಆಸ್ಪತ್ರೆಯಲ್ಲಿ ರಾತ್ರಿ ಒಬ್ಬರಿಗೇ ಪಾಸ್ ಇರುವುದರಿಂದ ರಾತ್ರಿ ಇದ್ದವರು ಹಗಲು ಮಂಚದ ಹತ್ತಿರ ಇರದೆ ಧರ್ಮಶಾಲೆಗೆ ಹೋಗಿ ಮಲಗಿ. ಹೋಗುವ ಮುಂಚೆ ಪ್ರಸಾದ ನಿಲಯದಲ್ಲಿ ಉಂಡು ಹೋಗಿ. ರೋಗಿ ಉಳಿಸಿದ ಅರ್ಧ ಇಡ್ಲಿಯನ್ನು ನೀವು ಊಟ ಎಂದು ಲೆಕ್ಕ ಹಿಡಿಯಬೇಡಿ.

ನಿಮಗೇ ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ನಿಮ್ಮ ಮಾತ್ರೆಗಳನ್ನೂ ರೋಗಿಯ ಔಷಧಿಯ ಚೀಲದ ಪಕ್ಕದಲ್ಲಿಯೇ ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಇಟ್ಟುಕೊಳ್ಳಿ. ಅವರದನ್ನು ಕೊಡುವಾಗ ನಿಮ್ಮದು ನೆನಪಾಗುತ್ತದೆ. ಶ್ರಾವಣದ ಉಪವಾಸಗಳನ್ನು ಈ ವರ್ಷಕ್ಕೆ ಹಗುರ ಮಾಡಿಕೊಂಡರೆ ಶಿವ ಮುನಿಯುವುದಿಲ್ಲ.

ಪಾಳಿ ಹಚ್ಚಿಕೊಳ್ಳಿ

ನಮ್ಮ ಸಿಸ್ಟರ್‌ಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಪಾಳಿಯಲ್ಲಿ ದುಡಿಯುತ್ತಾರೆ. ಪಾಳಿ ಮುಗಿದಾಗ ಪ್ರತಿ ಮಂಚದ ಹತ್ತಿರ ನಿಂತು, ಏನಾಗಿದೆ, ಏನು ಬಾಕಿ ಇದೆ ಎಂದು ಮುಂದಿನವರಿಗೆ ಒಪ್ಪಿಸಿ ಹೋಗುತ್ತಾರೆ. ಅವರು ಮನೆಗೆ ಹೋದರೆಂದು ರೋಗಿಯ ಮೇಲೆ ಪ್ರೀತಿಯಿಲ್ಲ ಎಂದು ನೀವು ಹೇಳುವುದಿಲ್ಲವಲ್ಲ? ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಶುಶ್ರೂಷೆಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಅದು ನರ್ಸುಗಳಿಗಿಂತ ಹೆಚ್ಚಾಗಿ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಹೆಂಗಸರಿಗಾಗಿ ಬರೆದದ್ದು. ನೀವು ಇದ್ದಾಗ ಆಗುವ ಕೆಲಸ ನೀವು ಇಲ್ಲದಾಗಲೂ ಆಗುವಂತೆ ವ್ಯವಸ್ಥೆ ಮಾಡದಿದ್ದರೆ ಒಳ್ಳೆಯ ಶುಶ್ರೂಷೆಯೂ ಕೆಟ್ಟುಹೋಗುತ್ತದೆ ಎಂಬ ವಿಷಯಕ್ಕೇ ಅದರಲ್ಲಿ ಒಂದು ಅಧ್ಯಾಯ ಇದೆ. ನರ್ಸಿಂಗ್ ಓದಿದವರಿಗೆಲ್ಲ ನೈಟಿಂಗೇಲ್ ಎಂದರೆ ದೀಪ ನೆನಪಾಗುತ್ತದೆ. ನನಗೆ ಈ ಅಧ್ಯಾಯ ಹೆಚ್ಚು ಉಪಯೋಗಕ್ಕೆ ಬಂದಿದೆ.

"ನಮ್ಮತ್ತೆ ನನ್ನ ಕೈಯಲ್ಲಿ ಬಿಟ್ಟು ಬೇರೆಯವರ ಕೈಯಲ್ಲಿ ಉಣ್ಣುವುದಿಲ್ಲ" ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಸಹಜ. ಆದರೆ ನಿಮಗೆ ಜ್ವರ ಬಂದ ದಿನ ಅವರು ಉಪವಾಸ ಇರಬೇಕಾಗುತ್ತದೆ. ಎರಡನೆಯವರ ಕೈ ಮೊದಲ ವಾರದಲ್ಲಿಯೇ ರೂಢಿಯಾಗಲಿ.

ಇದಕ್ಕೆ ಒಂದು 100 ಪುಟದ ನೋಟ್‌ಬುಕ್ ಸಾಕು. ವೇಳೆ, ಏನು ಕೊಟ್ಟಿರಿ, ಯಾವ ಮಗ್ಗಲಿಗೆ ಮಲಗಿಸಿದಿರಿ, ಮೂತ್ರ, ಮಲ, ಏನಾದರೂ ಹೊಸದು ಕಂಡಿತೇ, ಮಾಡಿದವರ ಹೆಸರು. ಓದು ಬರಹ ಬಾರದ ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಗೆರೆ ಎಳೆದರೂ ಆಯಿತು. ಪುಸ್ತಕ ಇದ್ದರೆ ಎಲ್ಲವನ್ನೂ ಒಬ್ಬರ ತಲೆಯಲ್ಲಿ ಇಟ್ಟುಕೊಳ್ಳುವ ಭಾರ ಇಳಿಯುತ್ತದೆ. ದಣಿವಿನಲ್ಲಿ ಅರ್ಧ ಪಾಲು ಈ ನೆನಪಿನ ಭಾರದ್ದೇ ಎಂದು ನನ್ನ ಅಭಿಪ್ರಾಯ. ಮುಂದಿನ ಸಲ ತೋರಿಸಲು ಬರುವಾಗ ಆ ಪುಸ್ತಕ ತನ್ನಿ, ವೈದ್ಯರಿಗೂ ಅನುಕೂಲ.

ಗಂಡಸರಿಗೆ ಏನು ಕೆಲಸ ಎಂದು ಕೇಳುತ್ತಾರೆ. ಎತ್ತುವುದು, ಮಗ್ಗಲು ಬದಲಿಸುವುದು, ಗಡ್ಡ ಮಾಡುವುದು, ರಾತ್ರಿಯ ಮೊದಲ ಹೋಳು, ಇವೆಲ್ಲ ಗಂಡಸರು ಚೆನ್ನಾಗಿ ಮಾಡಬಲ್ಲ ಕೆಲಸಗಳು. ತಂದೆಗೆ ಡೈಪರ್ ಬದಲಿಸುವುದು ಮಗನಿಗೆ ಅವಮಾನವಲ್ಲ, ಸೊಸೆಯ ಕೈಯಲ್ಲಿ ಮಾಡಿಸಿಕೊಳ್ಳುವುದಕ್ಕಿಂತ ಆ ತಂದೆಗೂ ಸಂಕೋಚ ಕಡಿಮೆ. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಇರುವ ಮಕ್ಕಳು ಹಣ ಕಳಿಸಿ ಸುಮ್ಮನಾಗದೆ, ಎರಡು ತಿಂಗಳಿಗೊಮ್ಮೆ ಒಂದು ವಾರ ರಜೆ ಹಾಕಿ ಬಂದು ಪಾಳಿ ಮಾಡಲಿ. ಬಂದ ವಾರ ಅತಿಥಿಗಳಂತೆ ಕುಳಿತು ಚಹಾ ಕೇಳಬಾರದು ಅಷ್ಟೇ. ಫೋನು ಮಾಡುವ ನೆಂಟರಿಗೆಲ್ಲ ಉತ್ತರ ಹೇಳಲು ಮನೆಯಲ್ಲಿ ಒಬ್ಬರನ್ನು ಗೊತ್ತುಮಾಡಿ, ಅವರು ಆರೈಕೆ ಮಾಡುವವರಾಗಿರಬಾರದು. ಅದೇ ಕಥೆಯನ್ನು ದಿನಕ್ಕೆ ಹದಿನೈದು ಸಲ ಹೇಳುವುದೂ ಒಂದು ದುಡಿಮೆಯೇ. ನೋಡಲು ಬರುವವರು ಸೇಬು ತರುವ ಬದಲು ಒಂದು ತಾಸು ರೋಗಿಯ ಹತ್ತಿರ ಕುಳಿತು ಮನೆಯಾಕೆಯನ್ನು ಹೊರಗೆ ಕಳಿಸಿದರೆ ದೊಡ್ಡ ಉಪಕಾರ.

ಬಿಡಬಹುದಾದ ಕೆಲಸಗಳು

ಕೆಲವು ಕೆಲಸಗಳನ್ನು ಪ್ರೀತಿಯಿಂದ ಮಾಡುತ್ತೇವೆ, ಆದರೆ ಬೇಕಾಗಿರುವುದಿಲ್ಲ. ಬೆನ್ನು, ಸೊಂಟ, ಹಿಮ್ಮಡಿ ಕೆಂಪಾದ ಕಡೆ ಸ್ಪಿರಿಟ್, ಪೌಡರ್, ಎಣ್ಣೆ ಹಚ್ಚಿ ಗಂಟೆಗಟ್ಟಲೆ ತಿಕ್ಕುವುದನ್ನು ಇಂದೇ ನಿಲ್ಲಿಸಿ. ಕೆಂಪಾದ ಚರ್ಮದ ಕೆಳಗೆ ಆಗಲೇ ರಕ್ತ ಸಂಚಾರ ಕುಂದಿರುತ್ತದೆ, ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ಸಾಕು. ದಿನವೂ ಎತ್ತಿಕೊಂಡು ಹೋಗಿ ಸ್ನಾನ ಮಾಡಿಸಬೇಕಾಗಿಲ್ಲ. ಹಾಸಿಗೆಯಲ್ಲಿಯೇ ಒದ್ದೆ ಬಟ್ಟೆಯಿಂದ ಒರೆಸಿ, ಮಡಿಕೆಗಳನ್ನು ಒಣಗಿಸಿದರೆ ಆಯಿತು.

ಔಷಧಿ ಆರು ಬೇರೆ ಬೇರೆ ವೇಳೆಗೆ ಬರೆದಿದ್ದರೆ, ಅವುಗಳಲ್ಲಿ ಯಾವುದನ್ನು ಕೂಡಿಸಿ ಕೊಡಬಹುದು ಎಂದು ಡಿಸ್ಚಾರ್ಜಿಗೆ ಮುಂಚೆ ವೈದ್ಯರನ್ನು ಕೇಳಿ. ಬಹಳ ಸಲ ಮೂರು ಹೊತ್ತಿಗೆ ಇಳಿಸಲು ಬರುತ್ತದೆ. ಗಾಳಿ ಹಾಸಿಗೆ ಹಾಕಿದರೂ ಮಗ್ಗಲು ಬದಲಿಸುವುದು ತಪ್ಪುವುದಿಲ್ಲ, ಆದರೆ ರಾತ್ರಿಯ ಅಂತರವನ್ನು ಸ್ವಲ್ಪ ಹೆಚ್ಚಿಸಬಹುದೇ ಎಂಬುದನ್ನು ರೋಗಿಯ ಚರ್ಮ ನೋಡಿ ನಾವು ಹೇಳುತ್ತೇವೆ. ನೀವಾಗಿಯೇ ಹೆಚ್ಚಿಸಬೇಡಿ. ನಳಿಕೆಯಿಂದ ಆಹಾರ ಕೊಡುವಾಗ ತಲೆಯ ಕಡೆ ಎತ್ತರಿಸಿ, ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೆಯೇ ಇಡುವುದು ಮಾತ್ರ ಎಷ್ಟೇ ದಣಿದಿದ್ದರೂ ಬಿಡಬಾರದ ಕೆಲಸ. ಅವಸರದಲ್ಲಿ ಮಲಗಿಸಿದರೆ ಆಹಾರ ಶ್ವಾಸಕೋಶಕ್ಕೆ ಇಳಿಯಬಹುದು.

ನಿಮ್ಮ ಸೊಂಟ ಉಳಿಯಬೇಕಾದರೆ ರೋಗಿಯ ಕಂಕುಳಲ್ಲಿ ಕೈ ಹಾಕಿ ಒಬ್ಬರೇ ಎಳೆಯಬೇಡಿ. ದಪ್ಪ ದುಪ್ಪಟಿಯನ್ನು ಎರಡು ಮಡಿಕೆ ಮಾಡಿ ಹೆಗಲಿನಿಂದ ತೊಡೆಯವರೆಗೆ ಬರುವಂತೆ ಕೆಳಗೆ ಹಾಸಿ, ಎರಡೂ ಕಡೆ ಒಬ್ಬೊಬ್ಬರು ನಿಂತು, ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, "ಒಂದು ಎರಡು ಮೂರು" ಎಂದು ಕೂಡಿಯೇ ಜರುಗಿಸಿ. ಮಂಚ ತಗ್ಗಾಗಿದ್ದರೆ ಕಾಲುಗಳಿಗೆ ಗಟ್ಟಿಯಾದ ಮರದ ದಿಮ್ಮಿ ಕೊಟ್ಟು ಎತ್ತರಿಸಿ, ಅಲುಗಾಡದಂತೆ ನೋಡಿಕೊಳ್ಳಿ.

ಸೇವೆಯಲ್ಲಿ ದಣಿವು ಎನ್ನಬಹುದೇ?

ಇದು ನಮ್ಮಲ್ಲಿ ದೊಡ್ಡ ಪ್ರಶ್ನೆ. ಕಾಯಕ, ದಾಸೋಹದ ಮಾತು ಕೇಳುತ್ತ ಬೆಳೆದ ನಮಗೆ "ಸಾಕಾಯಿತು" ಎನ್ನಲು ನಾಲಿಗೆ ಬರುವುದಿಲ್ಲ. ಆದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ನೆನಪು ಮಾಡಿಕೊಳ್ಳಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನವರ ಕಾಯಕ. ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕ ಮರೆತಾಗ ಎಚ್ಚರಿಸಿದವರು ಲಕ್ಕಮ್ಮ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಕಳಿಸಿದವರೂ ಅವರೇ. ಹಿರಿಯರು ಇದನ್ನು ಆಸೆಯ ಬಗ್ಗೆ ಹೇಳುತ್ತಾರೆ, ಅದು ಸರಿ. ನಾನು ಅದರ ಜೊತೆಗೆ ಇನ್ನೊಂದನ್ನು ತಿಳಿದುಕೊಂಡಿದ್ದೇನೆ. ಕಾಯಕಕ್ಕೂ ಒಂದು ದಿನದ ಅಳತೆ ಇದೆ. ನಾಳೆಯ ಪಾಲನ್ನು ಇಂದೇ ಮೈಮೇಲೆ ಹಾಕಿಕೊಳ್ಳುವುದು ಆ ಅಳತೆ ಮೀರಿದ ಹಾಗೆ.

ದುಡಿದು ದುಡಿದು ಒಳಗಿನಿಂದ ಬತ್ತಿಹೋಗುವ ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಬರ್ನ್‌ಔಟ್ ಎನ್ನುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಇದರ ಬಗ್ಗೆ ಬರೆದದ್ದು ಬಡವರ ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುತ್ತಿದ್ದವರನ್ನು ನೋಡಿ. ಮೈಗಳ್ಳರಿಗಲ್ಲ, ನಿಷ್ಠೆಯಿಂದ ದುಡಿಯುವವರಿಗೇ ಇದು ಹೆಚ್ಚು ಬರುತ್ತದೆ ಎಂದು ಅವರು ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ವಿವರಿಸಿದಾಗ ಉದ್ಯೋಗಕ್ಕೆ ಮಾತ್ರ ಸೀಮಿತಗೊಳಿಸಿತು. ಮನೆಯಲ್ಲಿ ಆರೈಕೆ ಮಾಡುವವರಿಗೆ ಸಂಬಳವಿಲ್ಲ, ಹಾಗಾಗಿ ಆ ವಿವರಣೆಯಲ್ಲಿ ಜಾಗವೂ ಇಲ್ಲ. ಲಕ್ಷಣಗಳು ಮಾತ್ರ ತೀರ ಪರಿಚಿತ. ಮಲಗಿ ಎದ್ದರೂ ಹೋಗದ ಸುಸ್ತು. ಸಣ್ಣದಕ್ಕೆ ರೋಗಿಯ ಮೇಲೆ ರೇಗಿ, ಆಮೇಲೆ ಬಚ್ಚಲಲ್ಲಿ ನಿಂತು ಅಳುವುದು. ಏನು ಮಾಡಿದರೂ ಅಷ್ಟೇ ಎಂಬ ಭಾವ. ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸುವುದು. ಲಿಂಗಪೂಜೆಗೆ ಕುಳಿತರೂ ಕಿವಿ ಮಾತ್ರ ಆ ಕೋಣೆಯ ಕಡೆಗೇ ಇರುವುದು. ಆ ಕಾಲು ಗಂಟೆಯಾದರೂ ಬೇರೆಯವರು ರೋಗಿಯ ಹತ್ತಿರ ಇರಲಿ, ಪೂಜೆಯ ವೇಳೆ ನಿಮ್ಮದಾಗಿಯೇ ಉಳಿಯಲಿ.

ಯಾರ ಮುಂದೆಯೂ ಹೇಳಲಾಗದ ಒಂದು ಯೋಚನೆಯೂ ಕೆಲವರಿಗೆ ಬರುತ್ತದೆ. "ಶಿವ ಇವರನ್ನು ಬೇಗ ಕರೆದುಕೊಳ್ಳಬಾರದೇ" ಎಂದು. ಬಂದ ಕೂಡಲೇ ತಾವು ಪಾಪಿಗಳು ಎಂದುಕೊಂಡು, ಅದನ್ನು ಮುಚ್ಚಲು ಇನ್ನೂ ಹೆಚ್ಚು ದುಡಿಯುತ್ತಾರೆ. ತಂಗೀ, ಅದು ಪಾಪವಲ್ಲ. ದೇಹ ಮನಸ್ಸು ಎರಡೂ ಮಿತಿ ಮುಟ್ಟಿವೆ ಎಂಬ ಸೂಚನೆ, ಜ್ವರ ಬಂದರೆ ಥರ್ಮಾಮೀಟರ್ ಏರುವ ಹಾಗೆ. ವಾರ್ಡಿನ ಸಿಸ್ಟರ್ ಮುಂದೆ ಧೈರ್ಯವಾಗಿ ಹೇಳಿ, ಈ ಮಾತನ್ನು ನಾವು ಬಹಳ ಜನರ ಬಾಯಲ್ಲಿ ಕೇಳಿದ್ದೇವೆ. ತಮ್ಮ ಜೀವವೇ ಬೇಡವೆನಿಸುವುದು, ರೋಗಿಗೆ ಕೈ ಎತ್ತುವ ಹಂತಕ್ಕೆ ಹೋಗುವುದು, ಇವು ಬಂದರೆ ಒಂದು ದಿನವೂ ಕಾಯಬೇಡಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ರೋಗಿಗಳಿಗೆ ಎರಡು ಮಾತು

ಇದನ್ನು ನೀವೇ ಓದುತ್ತಿದ್ದರೆ, ಅಥವಾ ಯಾರಾದರೂ ಓದಿ ಹೇಳುತ್ತಿದ್ದರೆ, ಇನ್ನೊಬ್ಬರಿಗೆ ಭಾರವಾದೆ ಎಂದು ಕೊರಗಬೇಡಿ. ಬದಲಿಗೆ ನಿಮ್ಮಿಂದ ಆಗುವ ಕೆಲಸವನ್ನು ನೀವೇ ಮಾಡಿ. ಲಕ್ವ ಒಂದು ಕೈಗೆ ಆಗಿದ್ದರೆ ಇನ್ನೊಂದು ಕೈಯಿಂದ ಉಣ್ಣಿ, ಚೆಲ್ಲಿದರೆ ಚೆಲ್ಲಲಿ. ಅದು ವ್ಯಾಯಾಮವೂ ಹೌದು. ಪ್ರತಿ ಸಲ ಒಬ್ಬರ ಹೆಸರನ್ನೇ ಹಿಡಿದು ಕೂಗಬೇಡಿ. ಮೊಮ್ಮಗ ನೀರು ತಂದುಕೊಟ್ಟರೂ ನೀರೇ. "ನೀನು ಹೋಗಿ ಮಲಗು, ನಾನು ಇಷ್ಟು ಹೊತ್ತು ಇರುತ್ತೇನೆ" ಎಂಬ ಮಾತು ನಿಮ್ಮ ಬಾಯಿಂದ ಬಂದರೆ ಅವರು ನಿಜವಾಗಿ ಮಲಗುತ್ತಾರೆ. ನಾವು ಹೇಳಿದರೆ ಮಲಗುವುದಿಲ್ಲ.

ಡಿಸ್ಚಾರ್ಜಿಗೆ ಎರಡು ದಿನ ಮುಂಚೆ ಮಗ್ಗಲು ಬದಲಿಸುವುದು, ನಳಿಕೆಯಿಂದ ಆಹಾರ ಕೊಡುವುದು, ಇನ್ಸುಲಿನ್ ಅಳೆಯುವುದು ಇವನ್ನು ವಾರ್ಡಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕಲಿಸುತ್ತೇವೆ. ದಯವಿಟ್ಟು ಒಬ್ಬರೇ ಬರಬೇಡಿ. ಮನೆಯಲ್ಲಿ ಪಾಳಿ ಮಾಡುವ ಇಬ್ಬರೂ ಬನ್ನಿ, ಆದರೆ ಅವರಲ್ಲಿ ಒಬ್ಬರು ಗಂಡಸರಿರಲಿ. ನೋಟ್‌ಬುಕ್ ಮತ್ತು ಒಂದು ಹಳೆಯ ದಪ್ಪ ದುಪ್ಪಟಿ ತನ್ನಿ. ನಾವು ಒಮ್ಮೆ ಮಾಡಿ ತೋರಿಸುತ್ತೇವೆ, ಆಮೇಲೆ ಇಬ್ಬರೂ ಒಬ್ಬೊಬ್ಬರಾಗಿ ನಮ್ಮ ಮುಂದೆ ಮಾಡಿ ತೋರಿಸಬೇಕು.